ಆಪತ್ಕಾಲದ ಬಾನುಲಿ ಸೇವಕರ ಒಂದು ವರ್ಷ

ಇಂದು ದೂರವಾಣಿಯಿಲ್ಲದ ಮನೆಯೇ ಅಪರೂಪವೆಂದು ಹೇಳಬಹುದು. ತಂದೆಯ ಜೇಬಿನಲ್ಲೊಂದು, ತಾಯಿಯ ಕೈಯಲ್ಲೊಂದು. ಊರಿಂದೂರಿಗೆ ಮಾತನಾಡುವುದು ಪಕ್ಕದ ಮನೆಯವರನ್ನು ಕೂಗಿದಷ್ಟು ಸುಲಭವಾಗಿದೆ. ಆದರೆ ಆ ಸಣ್ಣ ಯಂತ್ರವು ಎಷ್ಟು ಆಧಾರಗಳ ಮೇಲೆ ನಿಂತಿದೆಯೆಂಬುದನ್ನು ನಾವು ಯೋಚಿಸುವುದು ಕಡಿಮೆ. ನಮ್ಮ ಮಾತು ಮೊದಲು ಸಮೀಪದ ಗೋಪುರಕ್ಕೆ ಹೋಗಬೇಕು. ಆ ಗೋಪುರಕ್ಕೆ ವಿದ್ಯುತ್ತು ಬೇಕು. ಅಲ್ಲಿಂದ ನೆಲದೊಳಗಿನ ಕೇಬಲ್ ಮೂಲಕವೋ ಬೇರೊಂದು ಗೋಪುರದ ಮೂಲಕವೋ ಮಾತು ವಿನಿಮಯ ಕೇಂದ್ರವನ್ನು ಸೇರಬೇಕು. ಅಲ್ಲಿಂದ ಮತ್ತೊಂದು ಗೋಪುರ, ಬಳಿಕ ಮತ್ತೊಂದು ಕೈಯ ಯಂತ್ರ. ಮಹಾಮಳೆ ಸುರಿದಾಗ ಮೊದಲು ಹೋಗುವುದು ವಿದ್ಯುತ್ತು. ಗೋಪುರದ ಬ್ಯಾಟರಿ ಕೆಲವು ಗಂಟೆಗಳ ಕಾಲ ತಡೆದೀತು. ಸೇತುವೆ ಕೊಚ್ಚಿಹೋದರೆ ಅದರ ಜೊತೆಯಲ್ಲಿ ಹಾದುಹೋದ ಕೇಬಲ್ಲೂ ಹೋಗುತ್ತದೆ. ಅಕಸ್ಮಾತ್ ಗೋಪುರವು ಉಳಿದುಕೊಂಡರೂ, ಸಾವಿರಾರು ಜನರು ಏಕಕಾಲದಲ್ಲಿ ತಮ್ಮ ಬಂಧುಗಳನ್ನು ಕರೆಯತೊಡಗುವುದರಿಂದ ಯಾರ ಕರೆಯೂ ಮುಟ್ಟದಂತಾಗುತ್ತದೆ. ಹೀಗೆ ಯಾವ ಹೊತ್ತಿನಲ್ಲಿ ಒಂದು ಮಾತು ಒಂದು ಪ್ರಾಣವನ್ನು ಉಳಿಸಬಲ್ಲುದೋ ಅದೇ ಹೊತ್ತಿನಲ್ಲಿ ಮಾತಿನ ದಾರಿಗಳು ಮುಚ್ಚಿಹೋಗುತ್ತವೆ.

ಅಂಥ ಸಮಯದಲ್ಲಿ ತಮ್ಮ ಸ್ವಂತ ಯಂತ್ರ, ಸ್ವಂತ ಬ್ಯಾಟರಿ, ಒಂದು ಸುರುಳಿ ತಂತಿ ಇವುಗಳೊಡನೆ ಮುಂದೆ ಬರುವ ಒಂದು ವರ್ಗದ ಜನರಿದ್ದಾರೆ. ಅವರನ್ನು ಹವ್ಯಾಸಿ ಬಾನುಲಿಗರು ಎನ್ನುತ್ತಾರೆ. ಲೋಕದಲ್ಲೆಲ್ಲ ಅವರಿಗೆ ‘ಹ್ಯಾಮ್’ ಎಂಬ ಚಿಕ್ಕ ಹೆಸರು ಬಳಕೆಯಲ್ಲಿದೆ. ಅವರಲ್ಲಿ ಇಂಜಿನಿಯರರಿದ್ದಾರೆ, ವೈದ್ಯರಿದ್ದಾರೆ, ಅಂಗಡಿಯವರಿದ್ದಾರೆ, ಗೃಹಿಣಿಯರಿದ್ದಾರೆ, ವಿದ್ಯಾರ್ಥಿಗಳೂ ಇದ್ದಾರೆ. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅನುಮತಿಪತ್ರ ಪಡೆದು, ತಮಗೆ ಕೊಟ್ಟ ಕರೆಹೆಸರಿನಿಂದ ಇವರು ಆಕಾಶದಲ್ಲಿ ಮಾತನಾಡುತ್ತಾರೆ. ಈ ಕೆಲಸಕ್ಕೆ ಸಂಬಳವಿಲ್ಲ. ಸಂದೇಶ ಮುಟ್ಟಿಸಿದ್ದಕ್ಕೆ ಹಣ ಪಡೆಯುವುದು ನಿಯಮಕ್ಕೆ ವಿರುದ್ಧ.

ಕನ್ನಡ ನಾಡಿಗೂ ಹವ್ಯಾಸಕ್ಕೂ ಬಾನುಲಿಯ ವಿಷಯದಲ್ಲಿ ಹಳೆಯ ನಂಟುಂಟು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಒಂದು ಪ್ರಸಾರಯಂತ್ರವನ್ನಿಟ್ಟುಕೊಂಡು ಬಾನುಲಿ ಕೇಂದ್ರವನ್ನು ನಡೆಸಿದರು. ‘ಆಕಾಶವಾಣಿ’ ಎಂಬ ಸುಂದರವಾದ ಹೆಸರು ಆ ಕೇಂದ್ರದ್ದು. 1954ರಲ್ಲಿ ಭಾರತದ ಹವ್ಯಾಸಿ ಬಾನುಲಿ ಸಂಘವು ಸ್ಥಾಪಿತವಾಯಿತು. 1959ರಲ್ಲಿ ಬೆಂಗಳೂರು ಹವ್ಯಾಸಿ ಬಾನುಲಿ ಕ್ಲಬ್ಬು ಹುಟ್ಟಿತು. ಹವ್ಯಾಸವನ್ನು ಆಪತ್ಕಾಲದ ಸೇವೆಗಾಗಿ ಕ್ರಮವಾಗಿ ಅಣಿಗೊಳಿಸುವ ಯೋಚನೆ ಇತರ ದೇಶಗಳಲ್ಲಿಯೂ ಬೆಳೆಯಿತು. 1953ರ ಜನವರಿ 31ರ ರಾತ್ರಿ ಸಮುದ್ರವು ಉಕ್ಕಿ ಇಂಗ್ಲೆಂಡಿನ ಪೂರ್ವ ತೀರದಲ್ಲಿ 300ಕ್ಕೂ ಹೆಚ್ಚು ಜನರು ಮಡಿದ ಮೇಲೆ, ಅದೇ ವರ್ಷ ಅಲ್ಲಿನ ಹವ್ಯಾಸಿಗಳು ‘ರೇನೆಟ್’ ಎಂಬ ಆಪತ್ಕಾಲದ ಜಾಲವನ್ನು ಕಟ್ಟಿಕೊಂಡರು.

ಇಂಥವರ ಹೆಸರು ಪತ್ರಿಕೆಗಳಲ್ಲಿ ಕಾಣುವುದು ನೆರೆ, ಬಿರುಗಾಳಿ, ಭೂಕಂಪಗಳ ಸಮಯದಲ್ಲಿ ಮಾತ್ರ. ವರ್ಷದ ಉಳಿದ ದಿನಗಳಲ್ಲಿ ಇವರು ಏನು ಮಾಡುತ್ತಾರೆ? ಈ ಪ್ರಶ್ನೆಯೇ ಈ ಲೇಖನದ ವಿಷಯ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಬಾವಿಯನ್ನು ಮೊದಲೇ ತೋಡಿ, ಹಗ್ಗ ಕೊಡಗಳನ್ನು ಸಿದ್ಧವಾಗಿಟ್ಟಿರುವವರ ವರ್ಷ ಹೇಗೆ ಕಳೆಯುತ್ತದೆಂಬುದನ್ನು ನೋಡೋಣ.

ಅದಕ್ಕೆ ಮೊದಲು ಅವರ ಉಪಕರಣಗಳ ಪರಿಚಯ ಸ್ವಲ್ಪ ಬೇಕು. ಇವು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ. ಇದು ಸಾಮಾನ್ಯವಾಗಿ 144ರಿಂದ 146 ಮೆಗಾಹರ್ಟ್ಸ್ ಕಂಪನಗಳಲ್ಲಿ, ಸುಮಾರು 5 ವ್ಯಾಟ್ ಶಕ್ತಿಯಿಂದ ಕೆಲಸ ಮಾಡುತ್ತದೆ. ಇದರ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಹೋಗುತ್ತವೆ. ನಮ್ಮ ಮದುಕ್ಕರೈಯ ಧರ್ಮಲಿಂಗೇಶ್ವರನ ಬೆಟ್ಟದ ಮೇಲೆ ನಿಂತವನಿಗೆ ಬಯಲಿನ ಊರುಗಳು ಹೇಗೆ ಕಾಣುತ್ತವೆಯೋ ಹಾಗೆಯೇ ಅಲ್ಲಿಂದ ಹೊರಟ ಅಲೆಗಳಿಗೂ ಆ ಊರುಗಳು ಎಟಕುತ್ತವೆ. ಬೆಟ್ಟದ ಬುಡದಲ್ಲಿ ಆಚೆಯೊಬ್ಬ ಈಚೆಯೊಬ್ಬ ನಿಂತರೆ ಇಬ್ಬರ ನಡುವೆ ಒಂದೆರಡು ಮೈಲಿಯೇ ಇದ್ದರೂ ಮಾತು ಕೇಳಿಸದಿರಬಹುದು. ಆದಕಾರಣ ಎತ್ತರವಾದ ಸ್ಥಳದಲ್ಲಿ ಪುನಃಪ್ರಸಾರ ಯಂತ್ರವೊಂದನ್ನು ಇಡುತ್ತಾರೆ. ಇದು ಕೆಳಗಿನಿಂದ ಬಂದ ಕ್ಷೀಣವಾದ ಧ್ವನಿಯನ್ನು ಹಿಡಿದು, ಕೂಡಲೇ ಬಲವಾಗಿ ಮತ್ತೆ ಬಿತ್ತರಿಸುತ್ತದೆ. ಇದಕ್ಕೆ ರಿಪೀಟರ್ ಎಂದು ಹೆಸರು.

ಎರಡನೆಯದು ದೂರದ ಸಂಪರ್ಕದ ಯಂತ್ರ. ಇದರ ಅಲೆಗಳು ಮೇಲಕ್ಕೇರಿ, ಭೂಮಿಯಿಂದ ಸುಮಾರು 100ರಿಂದ 400 ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಮಂಡಲದಿಂದ ಬಾಗಿ ಮತ್ತೆ ನೆಲಕ್ಕಿಳಿಯುತ್ತವೆ. ನಡುವೆ ನೀಲಗಿರಿಯಿದ್ದರೂ ಆನೆಮಲೆಯಿದ್ದರೂ ಅಡ್ಡಿಯಿಲ್ಲ. ಇದಕ್ಕೆ ಬೇಕಾದ ಆಂಟೆನಾ ಎಷ್ಟು ಸರಳವಾದುದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಅಲೆಯ ವೇಗವು ಸೆಕೆಂಡಿಗೆ 30 ಕೋಟಿ ಮೀಟರ್. 7.1 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 71 ಲಕ್ಷ ಕಂಪನಗಳು. ಭಾಗಿಸಿದರೆ ಒಂದು ಅಲೆಯ ಉದ್ದ ಸುಮಾರು 42 ಮೀಟರ್ ಆಗುತ್ತದೆ. ಅದರ ಅರ್ಧಕ್ಕೆ ಸ್ವಲ್ಪ ಕಡಿಮೆ, ಅಂದರೆ 20 ಮೀಟರಿನಷ್ಟು ತಾಮ್ರದ ತಂತಿಯನ್ನು ನಡುವೆ ಕತ್ತರಿಸಿ, ಅಲ್ಲಿಂದ ಯಂತ್ರಕ್ಕೆ ಜೋಡಿಸಿ, ಎರಡು ತೆಂಗಿನ ಮರಗಳ ನಡುವೆ ಕಟ್ಟಿದರೆ ಆಂಟೆನಾ ಸಿದ್ಧವಾಯಿತು. ಕಾರಿನ ಬ್ಯಾಟರಿಯೊಂದಿದ್ದರೆ ಸಾಕು; ನೂರಾರು ಕಿಲೋಮೀಟರ್ ದೂರದ ಊರಿನೊಡನೆ ಮಾತನಾಡಬಹುದು. ನಡುವೆ ಯಾವ ಗೋಪುರವೂ ಬೇಕಿಲ್ಲ, ಯಾವ ಕಂಪನಿಯ ಕೃಪೆಯೂ ಬೇಕಿಲ್ಲ.

ಇನ್ನು ವರ್ಷಚಕ್ರಕ್ಕೆ ಬರೋಣ. ಜನವರಿಯಲ್ಲಿ ಮಕರ ಸಂಕ್ರಾಂತಿಯ ಕಾಲಕ್ಕೆ ಬಂಗಾಳದಲ್ಲಿ ಗಂಗಾನದಿಯು ಸಮುದ್ರವನ್ನು ಸೇರುವ ಗಂಗಾಸಾಗರದಲ್ಲಿ ಲಕ್ಷಾಂತರ ಯಾತ್ರಿಕರು ಕೂಡುತ್ತಾರೆ. ಅಂಥ ಜನಸಂದಣಿಯಲ್ಲಿ ವೃದ್ಧರೂ ಮಕ್ಕಳೂ ಸಂಗಡಿಗರಿಂದ ಅಗಲಿಹೋಗುವುದು ಸಹಜ. ಪಶ್ಚಿಮ ಬಂಗಾಳದ ಹವ್ಯಾಸಿ ಬಾನುಲಿಗರು ಅಲ್ಲಿ ಶಿಬಿರ ಹೂಡಿ, ಕಳೆದುಹೋದವರ ವಿವರಗಳನ್ನು ದೂರದ ರಾಜ್ಯಗಳ ಹವ್ಯಾಸಿಗಳಿಗೆ ತಿಳಿಸಿ, ಅವರ ಊರನ್ನೂ ಮನೆಯನ್ನೂ ಹುಡುಕಿಸಿ ಸೇರಿಸುವ ಕೆಲಸವನ್ನು ಮಾಡುತ್ತ ಬಂದಿದ್ದಾರೆ. ಹೇಳಲು ತಿಳಿಯದ ಒಬ್ಬ ಮುದುಕಿಯ ಬಾಯಿಂದ ಬಂದ ಊರಿನ ಅರೆಬರೆ ಹೆಸರೊಂದೇ ಇವರಿಗೆ ಸಿಗುವ ಸುಳಿವು. ಆ ಹೆಸರು ಯಾವ ಭಾಷೆಯದು, ಯಾವ ಸೀಮೆಯದು ಎಂದು ಬಲ್ಲವನೊಬ್ಬ ಎಲ್ಲೋ ಆಲಿಸುತ್ತಿರಬೇಕು.

ಕರ್ನಾಟಕದಲ್ಲಿ ಮಲೆನಾಡಿನ ರಸ್ತೆಗಳಲ್ಲಿ ನಡೆಯುವ ಮೋಟಾರು ಸ್ಪರ್ಧೆಗಳೂ ಇವರಿಗೆ ಒಂದು ಪಾಠಶಾಲೆ. ಕಾಫಿ ತೋಟಗಳ ನಡುವೆ ದೂರವಾಣಿ ಎಟಕದ ತಿರುವುಗಳಲ್ಲಿ ಹವ್ಯಾಸಿಗಳು ಒಬ್ಬೊಬ್ಬರಾಗಿ ಕುಳಿತು, ಯಾವ ಕಾರು ಎಷ್ಟು ಗಂಟೆಗೆ ಹಾದುಹೋಯಿತೆಂಬುದನ್ನು ಮುಂದಿನವರಿಗೆ ತಿಳಿಸುತ್ತಾರೆ. ಒಂದು ಕಾರು ಒಂದು ತಿರುವನ್ನು ದಾಟಿ ಮುಂದಿನದನ್ನು ಮುಟ್ಟದಿದ್ದರೆ ಅಪಘಾತವಾಗಿದೆಯೇ ಎಂದು ತಿಳಿಯುವುದು ಇವರಿಂದಲೇ. ನೋಡುವವರಿಗೆ ಇದು ವಿನೋದ. ಕುಳಿತವರಿಗೆ ಬಿಸಿಲು ಮಳೆಗಳಲ್ಲಿ ಗಂಟೆಗಟ್ಟಲೆ ಎಚ್ಚರವಾಗಿದ್ದು ಆಲಿಸುವ ಅಭ್ಯಾಸ.

ಏಪ್ರಿಲ್ 18 ಇವರ ಹಬ್ಬದ ದಿನ. 1925ರಲ್ಲಿ ಅದೇ ದಿನ ಪ್ಯಾರಿಸ್ ನಗರದಲ್ಲಿ ಲೋಕದ ಹವ್ಯಾಸಿಗಳ ಅಂತರರಾಷ್ಟ್ರೀಯ ಒಕ್ಕೂಟವು ಹುಟ್ಟಿತು. ಆ ದಿನ ಸಂಘಗಳು ಪ್ರದರ್ಶನಗಳನ್ನು ಏರ್ಪಡಿಸುತ್ತವೆ. ಬೇಸಿಗೆಯ ಬಿಡುವಿನಲ್ಲಿ ಹೊಸಬರಿಗೆ ವಿದ್ಯುತ್ತಿನ ಮೂಲಪಾಠಗಳು, ನಿಯಮಗಳು, ಮೋರ್ಸ್ ಲಿಪಿ ಇವುಗಳನ್ನು ಹೇಳಿಕೊಡುವುದುಂಟು. ಬೆಂಗಳೂರಿನ ಭಾರತೀಯ ಹ್ಯಾಮ್ ಸಂಸ್ಥೆಯು ಇಂಥ ತರಗತಿಗಳಿಗಾಗಿ ಹೆಸರಾಗಿದೆ.

ಮೇ ಮತ್ತು ಜೂನ್ ತಿಂಗಳುಗಳು ಸಿದ್ಧತೆಯ ಕಾಲ. ರೈತನು ಮುಂಗಾರಿಗೆ ಮೊದಲು ನೇಗಿಲು ನೊಗಗಳನ್ನು ನೋಡಿಕೊಳ್ಳುವಂತೆ ಇವರು ಬ್ಯಾಟರಿಗಳನ್ನು ಪರೀಕ್ಷಿಸುತ್ತಾರೆ, ತುಕ್ಕು ಹಿಡಿದ ಜೋಡಣೆಗಳನ್ನು ಬಿಚ್ಚಿ ಉಜ್ಜುತ್ತಾರೆ, ಹಗ್ಗಗಳನ್ನು ಬದಲಿಸುತ್ತಾರೆ. ಮೈದಾನದಲ್ಲಿ ಡೇರೆ ಹಾಕಿ, ಊರಿನ ವಿದ್ಯುತ್ತನ್ನು ಮುಟ್ಟದೆ ಇಡೀ ರಾತ್ರಿ ಯಂತ್ರವನ್ನು ನಡೆಸಿ ನೋಡುತ್ತಾರೆ. ಇದರ ಜೊತೆಗೆ ವರ್ಷವಿಡೀ ತಪ್ಪದೆ ನಡೆಯುವ ಇನ್ನೊಂದು ಅಭ್ಯಾಸವಿದೆ. ಗೊತ್ತಾದ ದಿನ, ಗೊತ್ತಾದ ಗಂಟೆಗೆ ಎಲ್ಲರೂ ಒಂದೇ ಕಂಪನದಲ್ಲಿ ಸೇರುತ್ತಾರೆ. ಒಬ್ಬನು ನಿಯಂತ್ರಕನಾಗಿ, ನಾವು ತರಗತಿಯಲ್ಲಿ ಹಾಜರಿ ಕೂಗುವಂತೆಯೇ, ಒಂದೊಂದು ಕರೆಹೆಸರನ್ನು ಕೂಗುತ್ತಾನೆ. ಕರೆದವನು ಮಾತ್ರ ಮಾತನಾಡಬೇಕು, ಉಳಿದವರು ಸುಮ್ಮನಿರಬೇಕು. ಈ ಕೂಟಕ್ಕೆ ‘ನೆಟ್’ ಎಂದು ಹೆಸರು.

ಇಲ್ಲಿ ಕಲಿಯುವ ಮುಖ್ಯ ವಿದ್ಯೆ ಸಂದೇಶವನ್ನು ಸಾಗಿಸುವ ವಿದ್ಯೆ. ಉದಾಹರಣೆಗಾಗಿ ನಾವೇ ಒಂದು ಸಂದೇಶವನ್ನು ಕಲ್ಪಿಸಿಕೊಳ್ಳೋಣ: “ಮದುಕ್ಕರೈ ಶಾಲೆಯಲ್ಲಿ 46 ಜನ ಇದ್ದಾರೆ. ಇಬ್ಬರು ಗರ್ಭಿಣಿಯರು. ಕುಡಿಯುವ ನೀರು ಬೇಕು.” ಇದನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ಸಂದೇಶದ ಸಂಖ್ಯೆ, ಅದರ ತುರ್ತು ಎಷ್ಟು, ಕಳುಹಿಸಿದವರು ಯಾರು, ಯಾರಿಗೆ, ಎಷ್ಟು ಗಂಟೆಗೆ, ಒಟ್ಟು ಪದಗಳು ಎಷ್ಟು, ಇಷ್ಟನ್ನೂ ಗುರುತಿಸಬೇಕು. ಇಲ್ಲಿ ಪದಗಳು 10. ಕೇಳಿದವನು ಬರೆದುಕೊಂಡು ಎಣಿಸುತ್ತಾನೆ. 9 ಇದ್ದರೆ ಒಂದು ಬಿಟ್ಟುಹೋಗಿದೆ ಎಂದರ್ಥ. ಆಮೇಲೆ ಅವನು ಇಡೀ ಸಂದೇಶವನ್ನು ಮರಳಿ ಓದಿ ಹೇಳಬೇಕು. ಕಳುಹಿಸಿದವನು ‘ಸರಿ’ ಎಂದ ಮೇಲೆಯೇ ಅದು ಮುಟ್ಟಿದ ಲೆಕ್ಕ. 46 ಎಂಬುದನ್ನು ‘ಸುಮಾರು ಐವತ್ತು’ ಎಂದು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ‘ಅಣೆಕಟ್ಟು ಒಡೆಯಿತಂತೆ’ ಎಂಬಂಥ ‘ಅಂತೆ’ಗಳನ್ನು ಸಾಗಿಸುವ ಅಧಿಕಾರವಂತೂ ಇಲ್ಲವೇ ಇಲ್ಲ. ಹೇಳಿದವರ ಹೆಸರಿಲ್ಲದ ಸಂದೇಶವನ್ನು ಒಳ್ಳೆಯ ಬಾನುಲಿಗನು ಮುಂದಕ್ಕೆ ಕಳುಹಿಸುವುದಿಲ್ಲ. ಕೈಗೆ ಬಂದುದನ್ನೆಲ್ಲ ಕ್ಷಣದಲ್ಲಿ ನೂರು ಜನರಿಗೆ ಹಂಚುವ ಈ ಕಾಲದಲ್ಲಿ ಈ ನಿಯಮವು ಬಾನುಲಿಗೆ ಮಾತ್ರ ಮೀಸಲಾಗಿರಬೇಕಾಗಿಲ್ಲವೆಂದು ನನಗೆ ತೋರುತ್ತದೆ.

ಅಂಕೆಗಳನ್ನು ಹೇಳುವ ರೀತಿಯೂ ಬೇರೆ. ನಲವತ್ತಾರು ಎನ್ನದೆ ‘ಅಂಕೆ ನಾಲ್ಕು, ಅಂಕೆ ಆರು’ ಎಂದು ಬಿಡಿಸಿ ಹೇಳುವುದು ಕ್ಷೇಮ. ಅಕ್ಷರಗಳಿಗೆ ‘ಆಲ್ಫಾ, ಬ್ರಾವೋ, ಚಾರ್ಲಿ’ ಎಂಬ ಗುರುತಿನ ಮಾತುಗಳು ಲೋಕವೆಲ್ಲ ಒಪ್ಪಿದವು. ಇಷ್ಟು ಜಾಗರೂಕತೆ ಏಕೆಂದರೆ, ಗುಡುಗು ಸಿಡಿಲುಗಳ ಗದ್ದಲದಲ್ಲಿ ಅರ್ಧ ಧ್ವನಿಯೇ ಕೇಳುವುದು. ನಮ್ಮಂಥ ಎರಡು ಮೂರು ಭಾಷೆಗಳ ಊರಿನಲ್ಲಿ ಇನ್ನೂ ಒಂದು ತೊಡಕುಂಟು. ‘ಆರು’ ಎಂದರೆ ಕನ್ನಡದಲ್ಲಿ ಒಂದು ಸಂಖ್ಯೆ. ತಮಿಳಿನವರ ಕಿವಿಗೆ ಅದೇ ಧ್ವನಿ ಸಂಖ್ಯೆಯೂ ಆದೀತು, ನದಿಯೂ ಆದೀತು. ನೆರೆಯ ಕಾಲದಲ್ಲಿ ಈ ಗೊಂದಲ ಸಣ್ಣದಲ್ಲ.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಪಶ್ಚಿಮ ಘಟ್ಟದ ಮೇಲೆ ಮಳೆ ಕವಿದುಕೊಳ್ಳುತ್ತದೆ. ನಾವು ಪಾಲಕ್ಕಾಡು ಕಣಿವೆಯ ಬಾಯಲ್ಲಿ ಕುಳಿತವರು. ಘಟ್ಟದ ಸುಖದುಃಖಗಳು ನಮಗೆ ಪರಕೀಯವಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಎಂಬ ಊರುಗಳ ಮೇಲೆ ಬೆಟ್ಟವೇ ಕುಸಿದು ಬಂತು. ನೂರಾರು ಜನರು ಪ್ರಾಣ ಕಳೆದುಕೊಂಡರು. ಚೂರಲ್‌ಮಲದ ಸೇತುವೆ ಕೊಚ್ಚಿಹೋಗಿ ಆಚೆಯ ದಡದವರು ಬೇರೆಯಾದರು. ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರು ಅಲ್ಲಿ ಉಕ್ಕಿನ ಬೈಲಿ ಸೇತುವೆಯನ್ನು ಕಟ್ಟಿ ದಾರಿ ಮಾಡಿಕೊಟ್ಟುದು ಎಲ್ಲರಿಗೂ ತಿಳಿದಿದೆ. ಅದೇ ದಿನಗಳಲ್ಲಿ ಇನ್ನೊಂದು ಸೇತುವೆಯನ್ನು ಕಟ್ಟಿದವರು ಹವ್ಯಾಸಿ ಬಾನುಲಿಗರು. ಕಲ್ಪೆಟ್ಟದ ಕಲೆಕ್ಟರ ಕಚೇರಿಯಲ್ಲಿ ಅವರು ಮೂಲಕೇಂದ್ರವೊಂದನ್ನು ತೆರೆದರು. ಅಂಬಲವಯಲಿನ ಎತ್ತರದಲ್ಲಿದ್ದ ಪುನಃಪ್ರಸಾರ ಯಂತ್ರದ ನೆರವಿನಿಂದ, ಕೆಸರು ಕಲ್ಲುಗಳ ನಡುವೆ ನಿಂತವರ ಕೈಯ ಯಂತ್ರದ ಮಾತು ಕಚೇರಿಯ ಮೇಜಿಗೆ ಮುಟ್ಟಿತು. ಆ ರಿಪೀಟರನ್ನು ಅಂದು ಬೆಳಿಗ್ಗೆ ತಂದು ನಿಲ್ಲಿಸಿದ್ದಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಯಾರೂ ಕೇಳದಿದ್ದ ಶಾಂತಿಯ ದಿನಗಳಲ್ಲಿ, ತಮ್ಮ ಹವ್ಯಾಸಕ್ಕೆಂದು ಅವರು ಅದನ್ನು ಇಟ್ಟು ಕಾಪಾಡಿಕೊಂಡು ಬಂದಿದ್ದರು.

ಅಕ್ಟೋಬರಿನಲ್ಲಿ ಮಕ್ಕಳ ಸರದಿ. 1958ರಲ್ಲಿ ಆರಂಭವಾದ ‘ಆಕಾಶದ ಜಾಂಬೂರಿ’ ಎಂಬ ಕೂಟದಲ್ಲಿ ಲೋಕದ ಸ್ಕೌಟುಗಳೂ ಗೈಡುಗಳೂ ಹವ್ಯಾಸಿಗಳ ಕೇಂದ್ರಗಳಿಂದ ಪರಸ್ಪರ ಮಾತನಾಡುತ್ತಾರೆ. ಅದೇ ತಿಂಗಳ ಕೊನೆಯಲ್ಲಿ ದೊಡ್ಡ ಸ್ಪರ್ಧೆಯೊಂದು ನಡೆಯುತ್ತದೆ. ಎರಡು ದಿನಗಳಲ್ಲಿ ಎಷ್ಟು ದೇಶಗಳೊಡನೆ ಮಾತನಾಡಿದೆವೆಂಬುದೇ ಪಂದ್ಯ. ‘ಇದರಿಂದ ಏನು ಪ್ರಯೋಜನ?’ ಎಂದು ಹಿರಿಯರು ಕೇಳಬಹುದು. ಸಾವಿರ ಧ್ವನಿಗಳ ಸಂತೆಯಲ್ಲಿ ಒಂದು ಕ್ಷೀಣ ಧ್ವನಿಯನ್ನು ಬೇರ್ಪಡಿಸಿ ಹಿಡಿಯುವ ಕಿವಿ ಇಂಥ ಆಟದಿಂದಲೇ ಹದಗೊಳ್ಳುತ್ತದೆ.

ಈ ಕಾಲ ಬಂಗಾಳ ಕೊಲ್ಲಿಯ ಬಿರುಗಾಳಿಯ ಕಾಲವೂ ಹೌದು. 1999ರ ಅಕ್ಟೋಬರ್ 29ರಂದು ಒಡಿಸ್ಸಾ ತೀರವನ್ನು ಮಹಾಚಂಡಮಾರುತವು ಹೊಡೆದಾಗಲೂ, 2015ರ ಡಿಸೆಂಬರಿನಲ್ಲಿ ಚೆನ್ನೈ ನಗರವು ಮುಳುಗಿದಾಗಲೂ ಹವ್ಯಾಸಿಗಳು ಸಂದೇಶ ಸಾಗಿಸುವ ಸೇವೆಗೆ ನಿಂತರು.

ವರ್ಷದ ಕೊನೆಯ ವಾರ ಬಂದಾಗ ಬಾನುಲಿಗರೆಲ್ಲರೂ ಒಂದು ಘಟನೆಯನ್ನು ನೆನೆಯುತ್ತಾರೆ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ಬಾನುಲಿ ಸಂಸ್ಥೆಯ ಶ್ರೀಮತಿ ಭಾರತಿ ಪ್ರಸಾದರು ಸಂಗಡಿಗರೊಡನೆ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದರು. ಆ ದ್ವೀಪಗಳಿಂದ ಹವ್ಯಾಸಿ ಧ್ವನಿ ಕೇಳಿ ಬಹಳ ವರ್ಷಗಳಾಗಿದ್ದವು. ಆದ್ದರಿಂದ ‘ವಿ.ಯು.4 ಆರ್.ಬಿ.ಐ.’ ಎಂಬ ಅವರ ಕರೆಗೆ ಉತ್ತರಿಸಲು ಲೋಕದ ಹವ್ಯಾಸಿಗಳು ಹಾತೊರೆಯುತ್ತಿದ್ದರು. ಶುದ್ಧ ವಿನೋದಕ್ಕಾಗಿ ಹೂಡಿದ ಕೇಂದ್ರವದು. ಡಿಸೆಂಬರ್ 26ರ ಬೆಳಿಗ್ಗೆ ಭೂಮಿ ನಡುಗಿತು. ಬಳಿಕ ಸಮುದ್ರವು ಏರಿ ಬಂತು. ದ್ವೀಪಗಳಿಗೂ ಮುಖ್ಯಭೂಮಿಗೂ ನಡುವಿನ ಸಂಪರ್ಕ ಕಡಿದುಹೋಯಿತು. ವಿನೋದದ ಕೇಂದ್ರವು ಆ ದಿನವೇ ಸೇವಾಕೇಂದ್ರವಾಯಿತು. ಇಂಥವರು ಬದುಕಿದ್ದಾರೆ, ಕ್ಷೇಮವಾಗಿದ್ದಾರೆ ಎಂಬ ಸುದ್ದಿಯನ್ನು ಹೊತ್ತು ಅವರ ಧ್ವನಿ ಭಾರತದ ಮನೆಮನೆಗಳಿಗೆ ಮುಟ್ಟಿತು. ಕಾರ್ ನಿಕೋಬಾರಿಗೂ ಹವ್ಯಾಸಿಗಳು ಯಂತ್ರವನ್ನು ಒಯ್ದು ಸಂಪರ್ಕ ಕಲ್ಪಿಸಿದರು. ಮಗನ ಸುದ್ದಿಯಿಲ್ಲದೆ ಅನ್ನ ಬಿಟ್ಟು ಕುಳಿತ ತಾಯಿಗೆ ‘ಕ್ಷೇಮ’ ಎಂಬ ಒಂದು ಮಾತಿನ ಬೆಲೆಯನ್ನು ಯಾವ ಅಳತೆಗೋಲಿನಿಂದ ಅಳೆಯುವುದು?

ಇಷ್ಟನ್ನು ವಿವರಿಸಿದ ಮೇಲೆ ನಮ್ಮ ವಿದ್ಯಾರ್ಥಿಗಳಿಗೆ ಎರಡು ಮಾತು. ಈ ಹವ್ಯಾಸಕ್ಕೆ ದೊಡ್ಡವರಾಗುವವರೆಗೆ ಕಾಯಬೇಕಾಗಿಲ್ಲ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಪರೀಕ್ಷೆಗೆ ಕುಳಿತುಕೊಳ್ಳಬಹುದು. ವಿದ್ಯುತ್ತಿನ ಮತ್ತು ಬಾನುಲಿಯ ಮೂಲತತ್ತ್ವಗಳು ಹಾಗೂ ನಿಯಮಗಳು ಇವೇ ಅದರ ವಿಷಯಗಳು. ನಮ್ಮ ಪ್ರೌಢಶಾಲೆಯ ಭೌತಶಾಸ್ತ್ರವನ್ನು ಅರ್ಥಮಾಡಿಕೊಂಡು ಓದಿದವರಿಗೆ ಇದು ಎಟಕದ ಹಣ್ಣಲ್ಲ. ಆದರೆ ಅನುಮತಿಯಿಲ್ಲದೆ ಒಂದು ಮಾತನ್ನಾದರೂ ಪ್ರಸಾರ ಮಾಡುವುದು ಅಪರಾಧವೆಂಬುದನ್ನು ಮರೆಯಬಾರದು. ಯಂತ್ರವನ್ನು ಕೊಳ್ಳುವುದು ಪರೀಕ್ಷೆಯ ಬಳಿಕದ ಮಾತು.

ಪೋಷಕರಿಗೂ ಒಂದು ಬಿನ್ನಹ. ಮಕ್ಕಳು ಹಳೆಯ ತಂತಿ, ಬ್ಯಾಟರಿಗಳನ್ನು ಕೂಡಿಸಿಕೊಂಡು ಮೂಲೆಯಲ್ಲಿ ಏನನ್ನೋ ಮಾಡುತ್ತಿದ್ದರೆ, ಮನೆಯ ವಿದ್ಯುತ್ತಿನ ಗೋಜಿಗೆ ಹೋಗದಂತೆ ನೋಡಿಕೊಂಡು, ಮಿಕ್ಕದ್ದಕ್ಕೆ ಸ್ವಲ್ಪ ಸೈರಣೆ ತೋರಬೇಕು. ಇನ್ನೊಂದು ವಿಷಯವಂತೂ ಅತಿ ಮುಖ್ಯ. ‘ಈ ಊರಿನಲ್ಲಿ ಕನ್ನಡ ಓದಿ ಏನು ಫಲ?’ ಎಂಬ ಪ್ರಶ್ನೆ ನಮ್ಮ ಶಾಲೆಗೆ ಹೊಸದಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಮತ್ತು ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತಾರೆ; ವಾಳಯಾರಿನ ಆಚೆಯ ಮಲಯಾಳವೂ ಹಲವರ ಕಿವಿಗೆ ಪರಿಚಿತ. ಕಣಿವೆಯ ಈ ಬಾಯಲ್ಲಿ ಒಂದು ದಿನ ಆಪತ್ತು ಬಂದರೆ, ಘಟ್ಟದ ಮೇಲಿನ ಕನ್ನಡಿಗನ ಮಾತನ್ನು ಕೇಳಿ ಕೊಯಮತ್ತೂರಿನ ಅಧಿಕಾರಿಗೆ ತಮಿಳಿನಲ್ಲಿ ತಪ್ಪಿಲ್ಲದೆ ಮುಟ್ಟಿಸಬಲ್ಲವರು ಬೇಕಾಗುತ್ತಾರೆ. ಗಂಗಾಸಾಗರದ ಮುದುಕಿಯ ಊರನ್ನು ಕಂಡುಹಿಡಿದುದು ಯಂತ್ರವೊಂದರಿಂದಲೇ ಆಗುವ ಕೆಲಸವಾಗಿರಲಿಲ್ಲ. ಅವಳ ಮಾತು ಬಲ್ಲವನೂ ಬೇಕಾಗಿತ್ತು. ಎರಡು ಭಾಷೆಗಳನ್ನು ಶುದ್ಧವಾಗಿ ಬಲ್ಲ ಮಗುವು ಎರಡು ದಡಗಳಿಗೆ ಸೇತುವೆಯಾಗಬಲ್ಲದು.

ಚೆನ್ನಾಗಿ ಆಲಿಸುವುದು, ಕೇಳಿದ್ದನ್ನು ಬರೆದುಕೊಳ್ಳುವುದು, ಬರೆದುದನ್ನು ಕೂಡಿಸದೆ ಕಳೆಯದೆ ಹೇಳುವುದು, ತನ್ನ ಸರದಿ ಬರುವವರೆಗೆ ಸುಮ್ಮನಿರುವುದು: ಬಾನುಲಿ ಸೇವಕರು ವರ್ಷವಿಡೀ ಅಭ್ಯಾಸ ಮಾಡುವುದು ಈ ನಾಲ್ಕನ್ನೇ. ಇವಕ್ಕೆ ಯಂತ್ರವೂ ಬೇಡ, ಅನುಮತಿಪತ್ರವೂ ಬೇಡ. ನಾಳೆಯ ಪಾಠದ ಗಂಟೆಯಿಂದಲೇ ಇವನ್ನು ಆರಂಭಿಸಬಹುದು.